ಬುತ್ತಿ ಕಟ್ಟುವ ಮೊದಲು

ಬೆಳಕು ಹರಿಯುವ ಹೊತ್ತಿಗೆ ಮೋಟೆಬೆನ್ನೂರಿನ ಹೆದ್ದಾರಿ ಬದಿಗೆ ಟಂಟಂ ಗಾಡಿ ಬಂದು ನಿಲ್ಲುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಒತ್ತೊತ್ತಾಗಿ ಕೂರುತ್ತಾರೆ. ಎಲ್ಲರ ಮಡಿಲಲ್ಲೂ ರೊಟ್ಟಿಯ ಬುತ್ತಿ. "ಲಗೂ ಹತ್ರಿ ಬೇ, ಬ್ಯಾಡಗಿ ಅಂದ್ರ ನಿಮ್ಮ ತವರುಮನಿ ಅನ್ಕೊಂಡೀರೇನು, ನಿಮ್ಮ ದಾರಿ ಕಾಯ್ಕೋತ ಕುಂದ್ರಾಕ?" ಎಂದು ಗದರುತ್ತಿರುವವರು ಮೈಲವ್ವ. ಬ್ಯಾಡಗಿಯ ಅಂಗಡಿಗಳಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಆಳು ಹೊಂದಿಸಿಕೊಡುವುದು ಇವರ ಕೆಲಸ. ಪಟ್ಟಣದಲ್ಲಿ ಇಂಥ ಕೆಲಸಕ್ಕೆ ಬೋರ್ಡು ಹಾಕಿದ ಆಫೀಸು, ಟೈ ಕಟ್ಟಿದ ಸಾಹೇಬರು ಇರುತ್ತಾರೆ. ಮೈಲವ್ವನಿಗೆ ಇರುವುದು ಬಾಯಿ ಮಾತ್ರ.

ಮೊದಲು ಇವರೂ ಇದೇ ಗಾಡಿಯ ಆಳು. ಕೈ ಚುರುಕು, ಬಾಯಿ ಇನ್ನೂ ಚುರುಕು ಎಂದು ಅಂಗಡಿಯವರು ಈ ಹೊಣೆ ಹೊರಿಸಿದರು. ಕರೆಯುವುದೇನೋ ಸಲೀಸು, ಬೇಡ ಎನ್ನುವುದೇ ಕಷ್ಟ. ಓಣಿಯ ಹಿರಿಯಾಕೆ ಹೊಳಿಯವ್ವ ಇವರಿಗೆ ತುಂಬು ಬಿಡಿಸಲು ಕಲಿಸಿದವರು. ಆಕೆಯ ಕೈ ನಡುಗತೊಡಗಿದಾಗ ಅಂಗಡಿಯವರು, "ಆ ಮುದಿಕಿನ್ನ ಕರಕೊಂಡು ಬರಬ್ಯಾಡ" ಎಂದರು. ಅದನ್ನು ಹೇಳಲು ಮೈಲವ್ವನಿಗೆ ನಾಲಿಗೆ ಏಳಲಿಲ್ಲ.

"ಗಾಡಿ ತುಂಬೇತಿ, ನಾಳೆ ಬಾರಬೇ ಯವ್ವಾ ಅಂದೆ. ಮರುದಿನಾನೂ ಹಂಗ ಅಂದೆ. ಆಕಿ ದಿನಾ ಬುತ್ತಿ ಕಟ್ಕೊಂಡು ಬರೂದು, ನಾ ದಿನಾ ಹಂಗ ಅನ್ನೂದು."

ನಮ್ಮ ಕಡೆ ಕಟ್ಟಿದ ಬುತ್ತಿಯನ್ನು ಬಿಚ್ಚದೆ ಮನೆಗೆ ಒಯ್ಯುವುದು ದೊಡ್ಡ ಅವಮಾನ. ಕೆಲಸಕ್ಕೆ ಬೇಡ ಅಂದರು ಎಂಬುದು ಬುತ್ತಿ ಕಟ್ಟಿಕೊಟ್ಟ ಸೊಸೆಗೆ ಕೇಳದೆಯೇ ಗೊತ್ತಾಗುತ್ತದೆ. ಒಂದು ದಿನ ಜ್ವರ ಬಂದು ಮೈಲವ್ವ ಮಧ್ಯಾಹ್ನವೇ ಊರಿಗೆ ಮರಳಿದರು. ಬಸ್ ತಂಗುದಾಣದ ಹಿಂದೆ ಹೊಳಿಯವ್ವ ಒಬ್ಬರೇ ಕೂತು ರೊಟ್ಟಿ ತಿನ್ನುತ್ತಿದ್ದರು. ದಿನಾ ಸಂಜೆ ಟಂಟಂ ಬಂದಾಗ, ಮೈಲವ್ವನ ಕಣ್ಣಿಗೆ ಬೀಳದಂತೆ ಇಳಿದವರ ಜೊತೆ ಕೂಡಿಕೊಂಡು, ದುಡಿದು ಬಂದವರಂತೆ ಮನೆಗೆ ಹೋಗುತ್ತಿದ್ದರಂತೆ.

"ನನ್ನ ಕಂಡಕೂಡ್ಲೆ ರೊಟ್ಟಿ ಸೆರಗಿನಾಗ ಮುಚ್ಚಿಕೊಂಡ್ಲು. ತಪ್ಪು ಮಾಡಿದಾಕಿ ನಾನು, ನಾಚಿಕೊಂಡಾಕಿ ಆಕಿ. ಭೂಮಿ ಬಾಯಿ ಬಿಡಬಾರದಾ ಅನಿಸ್ತ್ರಿ."

ಅಂದು ಸಂಜೆಯೇ ಹೊಳಿಯವ್ವನ ಮನೆಗೆ ಹೋಗಿ, ಕಾಲು ಹಿಡಿದು ನಿಜ ಹೇಳಿದರು. ಹೊಳಿಯವ್ವ ಬೈಯಲಿಲ್ಲ. "ಮೊದ್ಲ ಹೇಳಬಾರದಿತ್ತೇನ ಮಗಳ? ಸೊಸಿ ನಸಿಕ್ಲೆ ಎದ್ದು ರೊಟ್ಟಿ ಬಡಿಯೂದರ ತಪ್ಪತಿತ್ತು" ಎಂದರಂತೆ. ಇದನ್ನು ಹೇಳುವಾಗ ಮೈಲವ್ವ ನನ್ನ ಮುಖ ನೋಡುವುದಿಲ್ಲ. "ಬೈದಿದ್ರ ತಡ್ಕೊಂತಿದ್ದೆ" ಎನ್ನುತ್ತಾರೆ.

ಆಗಿನಿಂದ ದಿನಾ ಸಂಜೆ, ಮೈಯ ಘಾಟು ತೊಳೆಯುವ ಮೊದಲೇ, ನಾಳೆ ಕೆಲಸವಿಲ್ಲದವರ ಮನೆಗಳಿಗೆ ಇವರೇ ಹೋಗಿ ಹೇಳುತ್ತಾರೆ. ಇದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಕೆಲವರು ಬೈಯುತ್ತಾರೆ, ಕೆಲವರು ಇವರನ್ನು ಕಂಡೊಡನೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಫೋನ್ ಮಾಡಬಾರದೇ ಎಂದು ಕೇಳಿದೆ.

"ಬರ್ರಿ ಅನ್ನಾಕ ಫೋನ್ ಸಾಕ್ರಿ. ಬ್ಯಾಡ ಅನ್ನಾಕ ಮನಿತನಕಾ ಹೋಗಬೇಕು."

ಚಹಾದ ಲೋಟ ಹಿಡಿದ ಅವರ ಬೆರಳುಗಳೂ ಈಗೀಗ ಸಣ್ಣಗೆ ನಡುಗುತ್ತವೆ. ನಾನು ನೋಡಿದ್ದನ್ನು ಅವರು ನೋಡಿದರು.

"ನನಗೂ ಒಂದಿನ ಬ್ಯಾಡ ಅಂತಾರ್ರಿ. ಅನ್ನಲಿ. ಹಿಂದಿನ ಸಂಜಿಕ ಬಂದು ಹೇಳಿದ್ರ ಸಾಕು."