ಎಲ್ಲಾರೂ ಹೂಂ ಅಂದರು

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿ ನಾಲ್ಕು ವರ್ಷವಾಗಿತ್ತು. ನಾನು ಬಿ.ಎ., ಬಿ.ಟಿ. ಮುಗಿಸಿ ಧಾರವಾಡದಿಂದ ಟ್ರಂಕು, ಹಾಸಿಗೆ ಸುರುಳಿ ಸಮೇತ ಬಂದು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿ ಸೇರಿದ್ದೆ. ಸರಕಾರ ಕೆಳಗಿನ ತರಗತಿಗಳಿಂದ ಇಂಗ್ಲಿಷನ್ನು ತೆಗೆದುಹಾಕಿತ್ತು. ‘ಸಾಹೇಬರೇ ಹೋದ ಮೇಲೆ ಅವರ ಭಾಷೆ ಯಾಕೆ’ ಎಂದು ಊರಿನ ದೊಡ್ಡವರು ನನ್ನನ್ನೇ ಕೇಳುತ್ತಿದ್ದರು, ಅದನ್ನು ಇಲ್ಲಿ ಬಿಟ್ಟುಹೋದವಳು ನಾನೇ ಎಂಬ ಹಾಗೆ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಕಲಿಯುವವರಿಗೆ ಕಲಿಸುತ್ತೇನೆ, ಉಳಿದವರು ಮನೆಯಲ್ಲಿರಲಿ ಎಂದು ಒಂದೆರಡು ಸಲ ಹೇಳಿಯೂ ಬಿಟ್ಟಿದ್ದೆ. ಮೂವತ್ತಕ್ಕೂ ಹೆಚ್ಚು ವರ್ಷ ಆ ಕೆಲಸ ಮಾಡಿದೆ. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ. ಆದರೆ ಯಾರಾದರೂ ‘ನಿಮಗೆ ನೆನಪುಳಿದ ವಿದ್ಯಾರ್ಥಿ ಯಾರು’ ಎಂದರೆ ಶಾಲೆಯ ಹಾಜರಿಯಲ್ಲಿ ಇಲ್ಲದ ಒಬ್ಬಳ ಹೆಸರು ಬಾಯಿಗೆ ಬರುತ್ತದೆ.

ಅವಳು ಗಂಗವ್ವ. ಬನಹಟ್ಟಿಯ ನೇಕಾರರ ಮನೆಯ ಸೊಸೆ. ಒಂದು ರವಿವಾರ ಬೆಳಿಗ್ಗೆ ಅವಳ ಮಾವ ಮಲ್ಲಪ್ಪ ಸೀರೆಯ ಗಂಟನ್ನು ಹೆಗಲಿಗೆ ಹಾಕಿಕೊಂಡು, ಸೊಸೆಯನ್ನು ಹಿಂದೆ ನಿಲ್ಲಿಸಿಕೊಂಡು, ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂದು ನಿಂತ. ಜಮಖಂಡಿಯ ಜವಳಿ ಅಂಗಡಿಗಳಿಗೆ ಸೀರೆ ಹಾಕಲು ಅವನು ವಾರವಾರ ಬರುತ್ತಿದ್ದವನು. ಬಿಳಿ ಮೀಸೆ, ಕಡಿಮೆ ಮಾತು. ಗಂಗವ್ವನಿಗೆ ಇಪ್ಪತ್ತೆರಡು ಇರಬಹುದು. ಹಣೆ ಬರಿದಾಗಿತ್ತು.

“ಅಕ್ಕಾವ್ರ, ನನ್ನ ಮಗ ಹೋಗಿ ವರ್ಷ ಆತ್ರಿ. ಈಕಿ ಇಂಗ್ಲೀಷ ಐದನೇ ಇಯತ್ತೆ ತನಕ ಓದ್ಯಾಳ, ಮ್ಯಾಟ್ರಿಕ ಆಗಿಲ್ಲ. ನರ್ಸ ಆಗ್ತೀನಿ ಅಂತಾಳ. ಆಗ್ಲಿ ಅಂದೀನಿ,” ಎಂದ ಮಲ್ಲಪ್ಪ.

ಬೆಳಗಾವಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಮ್ಯಾಟ್ರಿಕ್ ಆಗದ ಹುಡುಗಿಯರಿಗೆ ಪ್ರವೇಶ ಪರೀಕ್ಷೆ ಇಡುತ್ತಿದ್ದರು. ಇಂಗ್ಲಿಷ್ ಬರಹ ಒಂದು, ನರ್ಸುಗಳ ಮುಖ್ಯಸ್ಥೆಯಾದ ಮೇಟ್ರನ್ ಮುಂದೆ ಮೌಖಿಕ ಒಂದು. ಬೇಸಿಗೆ ಕಳೆಯುವುದರೊಳಗೆ ಅವಳನ್ನು ತಯಾರು ಮಾಡಬೇಕಿತ್ತು. ಈ ಸಲ ಆಗದಿದ್ದರೆ ಮುಂದಿನ ಸಲ ನೋಡೋಣ ಎಂದು ನಾನು ಧೈರ್ಯ ಹೇಳಹೋದೆ. ಮಲ್ಲಪ್ಪ ತಲೆಯಲ್ಲಾಡಿಸಿದ.

“ಮುಂದಿನ ಸಲ ಇಲ್ರಿ. ಬೀಗರು, ಭಾವಕಿ ಮಂದಿ, ಬಳಗ ಎಲ್ಲಾರೂ ನನ್ನ ಮ್ಯಾಲ ಬಿದ್ದಾರ. ಮನಿ ಸೊಸಿನ್ನ ಪರಊರಿಗೆ ಕಳಸ್ತಾನ ಅಂತ. ಒಂದ್ ಸಲ ಅವ್ರ ಬಾಯಿಗೆ ಅಡ್ಡ ನಿಂದರ್ತೀನಿ. ಎರಡನೇ ಸಲ ನನ್ನ ಕೈಲೆ ಆಗಾಂಗಿಲ್ಲ.”

ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಗಂಗವ್ವನ ತೋರುಬೆರಳಿನ ಮೇಲೆ ಗೆರೆ ಬಿದ್ದಿತ್ತು. ಆ ಬೆರಳನ್ನೇ ತಿಕ್ಕಿಕೊಳ್ಳುತ್ತ ನಿಂತಿದ್ದಳು. ಪಾಸಾದರೆ ಬೆಳಗಾವಿ, ಇಲ್ಲವಾದರೆ ಜೀವನಪೂರ್ತಿ ಆ ಕಂಡಿಕೆ. ನಾನು ಹೂಂ ಅಂದೆ.

ಅಂದಿನಿಂದ ಪ್ರತಿ ರವಿವಾರ ಪಾಠ. ಮಲ್ಲಪ್ಪ ಅಂಗಡಿ ಕೆಲಸ ಮುಗಿಸಿ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಗಂಗವ್ವ ಚುರುಕು. ಟೆನ್ಸ್ ಹೇಳಿಕೊಟ್ಟರೆ ಮುಂದಿನ ವಾರಕ್ಕೆ ಬಾಯಿಪಾಠ. ಆರ್ಟಿಕಲ್ ಎಂದರೆ ನಮ್ಮ ಹೈಸ್ಕೂಲಿನ ಹುಡುಗರು ಕೊನೆಯವರೆಗೂ ಒದ್ದಾಡುತ್ತಿದ್ದರು. ಅವಳು ಮೂರು ವಾರದಲ್ಲಿ ಅದನ್ನು ಹದಕ್ಕೆ ತಂದಳು. ಎಲ್ಲ ಸರಿಹೋಗಿ ಒಂದು ಕಡೆ ಮಾತ್ರ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಇಂಗ್ಲಿಷಿನಲ್ಲಿ ಎವ್ರಿವನ್, ಈಚ್, ಸಮ್‌ಬಡಿ, ನೋಬಡಿ ಎಂಬ ಪದಗಳಿವೆ. ಯಾರನ್ನೂ ಹೆಸರು ಹಿಡಿದು ಹೇಳುವುದಿಲ್ಲವಾದ್ದರಿಂದ ಇವನ್ನು ಇನ್‌ಡೆಫಿನಿಟ್ ಪ್ರೊನೌನ್ ಎನ್ನುತ್ತಾರೆ. ಇವುಗಳ ಬೆನ್ನಿಗೆ ಬರುವ ಸರ್ವನಾಮ ಏಕವಚನದಲ್ಲಿರಬೇಕು ಎಂಬುದು ಆಗಿನ ಕಟ್ಟುನಿಟ್ಟಿನ ನಿಯಮ. ‘ಎವ್ರಿವನ್ ಟುಕ್ ಹಿಸ್ ಸೀಟ್’ ಎನ್ನಬೇಕು, ‘ದೇರ್ ಸೀಟ್’ ಎನ್ನಕೂಡದು. ಕೂತವರು ನೂರು ಜನವಿದ್ದರೂ ಅಷ್ಟೇ. ಈಗಿನ ಪುಸ್ತಕಗಳು ‘ದೇರ್’ ಕೂಡ ನಡೆಯುತ್ತದೆ ಎನ್ನುತ್ತವೆ. ಆಗ ನಡೆಯುತ್ತಿರಲಿಲ್ಲ, ಕೆಂಪು ಗೆರೆ ಬೀಳುತ್ತಿತ್ತು. ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ತರಿಸಿ ನೋಡಿದರೆ ಈ ನಿಯಮದ ಮೇಲೆ ತಪ್ಪದೆ ವಾಕ್ಯಗಳಿದ್ದವು.

ಗಂಗವ್ವ ಪ್ರತಿ ಸಲ ‘ದೇ’ ಎಂದೇ ಬರೆದಳು. ‘ಸಮ್‌ಬಡಿ ಹ್ಯಾಸ್ ಕಮ್, ದೇ ಆರ್ ವೇಟಿಂಗ್.’ ನಾನು ಹೊಡೆದು ಹಾಕಿದೆ. ಮುಂದಿನ ವಾರ ಮತ್ತೆ ಅದೇ. ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದೆ, ಎರಡು ತುಂಡಾಯಿತು.

“ಯಾಕ ಬರೀವಲ್ಲಿ ಗಂಗವ್ವ? ತಿಳಿದದ್ದನ್ನೂ ಬರೀವಲ್ಲಿ ಅಂದ್ರ ಏನರ್ಥ?”

ಅವಳು ಮೊದಲ ಸಲ ತಲೆಯೆತ್ತಿ ವಾದ ಮಾಡಿದಳು. “ಯಾರು ಅಂತ ಗೊತ್ತ ಇಲ್ಲದವ್ರಿಗೆ ‘ಅವ’ ಅಂತ ಹೆಂಗ ಅನ್ಬೇಕ್ರಿ ಅಕ್ಕಾವ್ರ? ಬಾಗಲಾ ಬಡದವ್ರು ಹಿರ್ಯಾರ ಇದ್ದರ? ನಮ್ಮ ಮಾವನವ್ರ ಇದ್ದರ?”

“ಇಂಗ್ಲೀಷಿನಾಗ ಮಾವಗೂ ‘ಹಿ’, ಹಮಾಲಗೂ ‘ಹಿ’. ಅಲ್ಲಿ ರೀ ಪೀ ಏನೂ ಇಲ್ಲ.”

ಹೊರಗಿನಿಂದ ಮಲ್ಲಪ್ಪ ಎಲೆಯ ರಸ ಉಗುಳಿ ಬಂದು ಹೇಳಿದ: “ಹಂಗಾರ ಸಾಯೇಬ್ರು ಹೋದದ್ದ ಛಲೋ ಆತು ತಗೋರಿ.”

ನನಗೆ ನಗು ಬಂತು, ಸಿಟ್ಟೂ ಬಂತು. ಅವಳದು ಅಜ್ಞಾನವಲ್ಲ, ಸಂಸ್ಕಾರ. ಅಜ್ಞಾನವಾಗಿದ್ದರೆ ಎರಡು ದಿನದಲ್ಲಿ ಬಿಡಿಸಬಹುದಿತ್ತು. ನಮ್ಮ ಕಡೆ ‘ಯಾರೋ ಬಂದಾನ’ ಎಂದರೆ ಬಂದವನನ್ನು ನೋಡುವ ಮೊದಲೇ ಹೊಡೆದ ಹಾಗೆ. ‘ಯಾರೋ ಬಂದಾರ’ ಎನ್ನಬೇಕು. ನನ್ನ ತಾಯಿಯೂ ನನಗೆ ಹಾಗೆಯೇ ಕಲಿಸಿದ್ದಳು. ಈಗ ನಾನು ಒಬ್ಬ ವಿಧವೆಯ ಕೈಯಲ್ಲಿ ಮಾವನನ್ನು ಏಕವಚನದಲ್ಲಿ ಬರೆಸಬೇಕಿತ್ತು. ಪರೀಕ್ಷೆ ಹತ್ತಿರ ಬಂದಂತೆ ನನಗೆ ನಿದ್ದೆ ಹತ್ತದಾಯಿತು. ಈ ಒಂದು ಹಟದಿಂದ ಅವಳು ಬನಹಟ್ಟಿಯಲ್ಲೇ ಉಳಿದುಬಿಟ್ಟರೆ ಎಂದು ಖರೆಯಾಗಿಯೂ ಹೆದರಿದ್ದೆ.

ಅಂಥದರಲ್ಲಿ ಒಂದು ರವಿವಾರ ಅವರು ಬರಲಿಲ್ಲ. ಮನೆಯಲ್ಲಿ ಹೊಸ ಹಾಸಿನ ಕೆಲಸವಿದೆ ಎಂದು ಹೇಳಿಕಳಿಸಿದ್ದರು. ಪರೀಕ್ಷೆಗೆ ಹದಿನೈದು ದಿನ ಉಳಿದಿರುವಾಗ ಇದೆಂಥ ಹಾಸು ಎಂದು ನಾನೇ ಬಸ್ ಹತ್ತಿ ಬನಹಟ್ಟಿಗೆ ಹೋದೆ.

ಬಿಸಿಲು ಇನ್ನೂ ಏರಿರಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಾಸಿನ ಎಳೆಗಳನ್ನು ಗೂಟ ಕಟ್ಟಿ ಚಾಚಿದ್ದರು. ಮಗ್ಗದಲ್ಲಿ ಉದ್ದಕ್ಕೆ ಹೋಗುವ ಎಳೆಗಳೇ ಹಾಸು. ಅವಕ್ಕೆ ಗಂಜಿ ಹಚ್ಚಿ, ಕುಂಚದಿಂದ ತೀಡಿ, ಒಣಗಿಸಿದ ಮೇಲೆಯೇ ಮಗ್ಗಕ್ಕೆ ಏರಿಸುವುದು. ಇದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವರ ಮನೆಯ ಹಾಸಿನ ಕೆಲಸಕ್ಕೆ ಓಣಿಯವರೆಲ್ಲ ಬರುತ್ತಾರೆ, ಅವರ ಮನೆಯ ಕೆಲಸಕ್ಕೆ ಇವರು ಹೋಗುತ್ತಾರೆ. ಹೆಂಗಸರು ಗಂಡಸರು ಎರಡೂ ಬದಿಗೆ ಸಾಲಾಗಿ ನಿಂತು, ತಮ್ಮ ಮುಂದೆ ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಿದ್ದರು. ಗಂಗವ್ವ ಕೂಡ ಆ ಸಾಲಿನಲ್ಲಿದ್ದಳು. ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು, ಆದರೆ ಜಾಗ ಬಿಡಲಿಲ್ಲ.

ಮಲ್ಲಪ್ಪ ಒಂದು ತುದಿಯಿಂದ ಹೊರಟ. ‘ಎಲ್ಲಾರದೂ ಆತೇನ್ರಪಾ’ ಎಂದು ಒಮ್ಮೆ ಕೂಗಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಒಬ್ಬೊಬ್ಬರ ಮುಂದೆ ನಿಂತು, ಬಗ್ಗಿ, ಅವರ ಪಾಲಿನ ಎಳೆಗಳ ಮೇಲೆ ಅಂಗೈ ಆಡಿಸಿ, ಆಮೇಲೆ ಮುಂದೆ ಸರಿಯುತ್ತಿದ್ದ. ಅವನಿಗಿಂತ ಹಿರಿಯನಾದ ಒಬ್ಬ ಮುದುಕನ ಮುಂದೆಯೂ ಹಾಗೆಯೇ ನಿಂತ. ಆ ಮುದುಕನಿಗೆ ಅದರಿಂದ ಅವಮಾನವೇನೂ ಆದಂತೆ ಕಾಣಲಿಲ್ಲ.

“ಒಮ್ಮೆ ಕೂಗಿ ಕೇಳಬಾರದೇನು?” ಎಂದು ನಾನು ಕೇಳಿದೆ.

“ಕೇಳಿದ್ರ ಎಲ್ಲಾರೂ ಹೂಂ ಅಂತಾರ್ರಿ,” ಎಂದ. “ಬಾಜೂಕಿನವ ಹೂಂ ಅಂದ ಅಂತ ಇವನೂ ಹೂಂ ಅಂತಾನ. ಮಗ್ಗಕ್ಕೇರಿದ ಮ್ಯಾಲ ಎಳಿ ಕಡದದ್ದು ಗೊತ್ತಾಗ್ತೈತಿ.” ಸ್ವಲ್ಪ ಹೊತ್ತು ಅಂಗೈಯ ಗಂಜಿಯನ್ನು ಒರೆಸಿಕೊಂಡ. ಆಮೇಲೆ ಮುಖ ಬೇರೆ ಕಡೆ ಮಾಡಿ ಹೇಳಿದ: “ದವಾಖಾನ್ಯಾಗೂ ಹಂಗ ಆತ್ರಿ. ಸಿಸ್ಟರ ಬಾಯಿ ಬಾಗಲದಾಗ ನಿಂತು ಎಲ್ಲಾರೂ ಔಷಧ ತಗೊಂಡ್ರೇನು ಅಂತ ಕೇಳೋರು. ಆಕೀದೂ ತಪ್ಪಲ್ಲ, ಒಬ್ಬಾಕಿ ಎಷ್ಟಂತ ಮಾಡ್ಯಾಳು. ವಾರ್ಡ ತುಂಬ ಮಂದಿ ಹೂಂ ಅನ್ನೋರು. ನನ್ನ ಮಗನೂ ಹೂಂ ಅಂದ. ದೊಡ್ಡವ್ರು ಕೇಳಿದಾಗ ಇಲ್ಲ ಅನಬಾರದು ಅಂತ ನಾನ ಕಲಿಸಿದ್ದೆ. ಔಷಧ ಹಂಗ ಗ್ಲಾಸಿನಾಗ ಉಳೀತು.”

ನರ್ಸ್ ಆಗುತ್ತೇನೆ ಎಂದು ಈ ಹುಡುಗಿ ಹಟ ಹಿಡಿದದ್ದು ಯಾಕೆ, ಈ ಮುದುಕ ಬಳಗವನ್ನೆಲ್ಲ ಎದುರು ಹಾಕಿಕೊಂಡದ್ದು ಯಾಕೆ ಎಂಬುದು ನನಗೆ ಆ ಓಣಿಯಲ್ಲಿ ತಿಳಿಯಿತು.

ಗಂಜಿ ಒಣಗುವವರೆಗೆ ಬಿಡುವಿತ್ತು. ಗಂಗವ್ವನನ್ನು ಜಗಲಿಯ ಮೇಲೆ ಕೂರಿಸಿಕೊಂಡೆ. “ನೋಡು, ‘ಹಿಸ್’ ಅಂದ್ರ ಸಣ್ಣವ್ರನ್ನಾಗಿ ಮಾಡೋದಲ್ಲ. ನಿಮ್ಮ ಮಾವ ಸಾಲಿನ್ಯಾಗ ಒಬ್ಬೊಬ್ಬರ ಮುಂದ ನಿಂತ್ರಲ್ಲ, ಹಂಗ ನಿಂದ್ರೋದು. ಎವ್ರಿವನ್ ಅಂದ್ರ ವಾರ್ಡಿನ ಬಾಗಲದಾಗಿಂದ ಕೂಗೋದಲ್ಲ, ಕಾಟಿನ ಹತ್ರ ಹೋಗೋದು. ಗಂಡಸರ ವಾರ್ಡಾದ್ರ ‘ಹಿಸ್’, ಹೆಂಗಸರದಾದ್ರ ‘ಹರ್’.”

ಅವಳು ಓಣಿಯಲ್ಲಿ ಚಾಚಿದ್ದ ಹಾಸಿನ ಕಡೆ ತಿರುಗಿ ನೋಡಿದಳು. ಆಮೇಲೆ, “ಇದನ್ನ ಮೊದಲ ಹೇಳೂದಲ್ರಿ ಅಕ್ಕಾವ್ರ,” ಎಂದಳು. ಮೊದಲೇ ನನಗೇ ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ! ಅಂದು ಕೊಟ್ಟ ವಾಕ್ಯಗಳಲ್ಲಿ ಒಂದೂ ತಪ್ಪಲಿಲ್ಲ.

ಪರೀಕ್ಷೆಗೆ ನಾನೂ ಬೆಳಗಾವಿಗೆ ಹೋದೆ. ಬರಹದ ಪರೀಕ್ಷೆ ಸಲೀಸಾಗಿ ಆಯಿತು. ಮೌಖಿಕದ ಕೋಣೆಯಲ್ಲಿ ಮೇಟ್ರನ್ ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಲು ಬಿಟ್ಟರು, ತುಟಿ ಬಿಚ್ಚಕೂಡದು ಎಂಬ ಷರತ್ತಿನ ಮೇಲೆ. ಮೇಟ್ರನ್ ಎತ್ತರದ ಆಳು, ಬಿಳಿ ಉಡುಪು, ಕೈಯಲ್ಲೊಂದು ಪೆನ್ಸಿಲ್. ಗಂಗವ್ವ ಮೊದಲ ಪ್ರಶ್ನೆಗಳಿಗೆ ತಡವರಿಸಿದಳು. ಊರಿನ ಹೆಸರು ಹೇಳುವುದಕ್ಕೂ ಎರಡು ಸಲ ಉಗುಳು ನುಂಗಿದಳು. ಮೇಟ್ರನ್ ಅವರ ಪೆನ್ಸಿಲ್ ಕಾಗದದ ಮೇಲೆ ಒಂದು ಸಣ್ಣ ಗೆರೆ ಎಳೆಯಿತು. ನಾನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ.

ಕೊನೆಗೆ ಮೇಟ್ರನ್ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: ವಾರ್ಡ್ ತುಂಬ ರೋಗಿಗಳಿದ್ದಾರೆ, ಔಷಧದ ಹೊತ್ತು, ನೀನು ಒಬ್ಬಳೇ. ಏನು ಮಾಡುತ್ತೀ?

ಗಂಗವ್ವನ ಬೆರಳು ತಿಕ್ಕುವುದು ನಿಂತಿತು. “ಐ ವಿಲ್ ನಾಟ್ ಶೌಟ್ ಫ್ರಮ್ ಡೋರ್,” ಎಂದಳು. “ಐ ವಿಲ್ ಗೋ ಟು ಈಚ್ ಪೇಷಂಟ್. ಐ ವಿಲ್ ಆಸ್ಕ್ ಹಿಮ್.”

“ತೆಗೆದುಕೊಂಡೆ ಎಂದು ಅವನು ಹೇಳಿದರೆ?”

“ಐ ವಿಲ್ ಸೀ ಹಿಸ್ ಗ್ಲಾಸ್.”

ಮೇಟ್ರನ್ ಪೆನ್ಸಿಲನ್ನು ಕೆಳಗಿಟ್ಟರು. ಗಂಗವ್ವ ಅಲ್ಲಿಗೇ ನಿಲ್ಲಿಸಿದ್ದರೆ ನನಗೆ ಎಷ್ಟು ನೆಮ್ಮದಿಯಿತ್ತು! ನಿಲ್ಲಿಸಲಿಲ್ಲ. “ಇಫ್ ಸಮ್‌ಬಡಿ ಈಸ್ ಓಲ್ಡ್, ಐ ವಿಲ್ ಗಿವ್ ದೆಮ್ ಫಸ್ಟ್,” ಎಂದು ಸೇರಿಸಿದಳು.

“ದೆಮ್?” ಎಂದರು ಮೇಟ್ರನ್, ಹುಬ್ಬೇರಿಸಿ.

“ಓಲ್ಡ್, ಮೇಡಂ,” ಎಂದಳು ಗಂಗವ್ವ, ವಿನಯದಿಂದ. “ರೆಸ್ಪೆಕ್ಟ್.”

ಮೇಟ್ರನ್ ನಕ್ಕರು. ಆ ನಗು ನೋಡಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸಂಜೆ ಹೊರಗೆ ಹೆಸರುಗಳನ್ನು ಓದಿದಾಗ ಅವಳ ಹೆಸರಿತ್ತು. ಮಲ್ಲಪ್ಪನಿಗೆ ಸುದ್ದಿ ಹೇಳಲು ನಾನೂ ಬನಹಟ್ಟಿಯ ಮನೆಗೆ ಹೋದೆ. ಕೇಳಿದವನೇ ಅವನು ಒಳಗೆ ಹೋಗಿ, ಅಂದು ಓಣಿಯಲ್ಲಿ ಚಾಚಿದ್ದ ಹಾಸಿನಿಂದಲೇ ನೇಯ್ದ ಒಂದು ಸೀರೆ ತಂದು ನನ್ನ ಉಡಿಗೆ ಹಾಕಿಸಿದ. ಅದರ ಸೆರಗು ಇನ್ನೂ ನನ್ನ ಟ್ರಂಕಿನಲ್ಲಿದೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಗೆದ್ದ ಕಥೆಯಾಗುತ್ತಿತ್ತು. ನಿವೃತ್ತಿಗೆ ಕೆಲವು ವರ್ಷ ಮೊದಲು ನನಗೆ ನ್ಯುಮೋನಿಯಾ ಆಗಿ ದವಾಖಾನೆಯಲ್ಲಿ ಮಲಗಿದೆ. ಆ ದವಾಖಾನೆಗೆ ಗಂಗವ್ವನೇ ಹೆಡ್ ಸಿಸ್ಟರ್. ಕೂದಲು ಬೆಳ್ಳಗಾಗಿತ್ತು, ನಡಿಗೆಯಲ್ಲಿ ಮಾವನ ಗತ್ತು ಬಂದಿತ್ತು. ಆದರೆ ಒಂದು ದಿನ ಬೆಳಿಗ್ಗೆ ಔಷಧ ಹಂಚಿದ್ದು ಹೊಸದಾಗಿ ಬಂದ ಒಬ್ಬ ನರ್ಸ್. ಗುಳಿಗೆ ಬಹಳ ಕಹಿ. ಆಮೇಲೆ ನುಂಗಿದರಾಯಿತು ಎಂದು ಗ್ಲಾಸಿನ ಪಕ್ಕ ಇಟ್ಟುಕೊಂಡಿದ್ದೆ. ಆ ಹುಡುಗಿ ಬಾಗಿಲಲ್ಲಿ ನಿಂತು, “ಎಲ್ಲಾರೂ ಗುಳಿಗಿ ತಗೊಂಡ್ರೇನ್ರಿ?” ಎಂದು ಕೂಗಿ ಕೇಳಿದಳು. ವಾರ್ಡ್ ತುಂಬ ಹೂಂ ಎಂದರು. ಅವರೊಂದಿಗೆ ಬಿ.ಎ., ಬಿ.ಟಿ. ಆದ ನಾನೂ ಹೂಂ ಎಂದೆ.

ಸ್ವಲ್ಪ ಹೊತ್ತಿಗೆ ಗಂಗವ್ವ ಒಳಗೆ ಬಂದಳು. ಒಂದು ತುದಿಯಿಂದ ಹೊರಟು ಒಂದೊಂದೇ ಕಾಟಿನ ಮುಂದೆ ನಿಂತು, ಬಗ್ಗಿ, ಗ್ಲಾಸು ನೋಡಿ, ಮುಂದೆ ಸರಿಯುತ್ತಿದ್ದಳು. ನನ್ನ ಹತ್ತಿರ ಬಂದಾಗ ಗುಳಿಗೆಯನ್ನು ಸೆರಗಿನಲ್ಲಿ ಮುಚ್ಚಲು ಹೋದೆ. ಅವಳ ಕೈ ನನಗಿಂತ ಮೊದಲೇ ಅಲ್ಲಿತ್ತು.

“ಅಕ್ಕಾವ್ರ,” ಎಂದಳು, ಬೇರೆ ಯಾರಿಗೂ ಕೇಳದ ಹಾಗೆ, “ಎವ್ರಿವನ್ ಸಿಂಗ್ಯುಲರ್ ಐತ್ರಿ.”

ಮೂವತ್ತು ವರ್ಷ ನಾನು ಆ ನಿಯಮವನ್ನು ಕರಿಹಲಗೆಯ ಮೇಲೆ ಬರೆದೆ. ಅದನ್ನು ಕೆಲಸಕ್ಕೆ ಹಚ್ಚಿದವಳು ಅವಳು. ತರಗತಿಯಲ್ಲಿ ‘ಎಲ್ಲರಿಗೂ ತಿಳಿಯಿತೇ’ ಎಂದು ಕೇಳಿ, ಬಂದ ಹೂಂ ನಂಬಿ ಮುಂದಿನ ಪಾಠಕ್ಕೆ ಹೋಗುವುದು ಎಷ್ಟು ಸುಲಭ ಎಂದು ಯಾವ ಮಾಸ್ತರನಿಗೂ ಗೊತ್ತು. ಗುಣವಾಗಿ ಶಾಲೆಗೆ ಮರಳಿದ ಮೇಲೆ, ಉಳಿದಷ್ಟು ವರ್ಷ, ನಾನು ಆ ಪ್ರಶ್ನೆ ಕೇಳಲಿಲ್ಲ. ಬೆಂಚಿನಿಂದ ಬೆಂಚಿಗೆ ನಡೆದೆ. ಆದರೆ ಅಂದು ಆ ವಾರ್ಡಿನಲ್ಲಿ ಗಂಗವ್ವ ನನ್ನ ನೀರಿನ ಗ್ಲಾಸು ಹಿಡಿದುಕೊಂಡು ನಿಂತೇ ಇದ್ದಳು. ನಾನು ಬಾಯಿ ತೆರೆದು ಗುಳಿಗೆ ನುಂಗಿದೆ. ಅವಳು ಖಾಲಿ ಗ್ಲಾಸು ನೋಡಿ, ಮುಂದಿನ ಕಾಟಿಗೆ ಹೋದಳು.