ಸೊಂಟಪಟ್ಟಿಯ ಖಾಲಿ ಜಾಗ

ಆ ಶನಿವಾರ ವಿಶೇಷವೇನೂ ಇರಲಿಲ್ಲ. ಬಳ್ಳಾರಿಯ ತನ್ನ ಶೆಡ್ಡಿನಲ್ಲಿ ಅಕ್ಕ ಹುಲಿಗೆಮ್ಮ ಎಂದಿನಂತೆ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದಳು. ಬೆರಳ ತುದಿಗಳಿಗೆ ಜೀನ್ಸ್ ಬಟ್ಟೆಯ ನೀಲಿ ಹತ್ತಿತ್ತು. ಸಿರುಗುಪ್ಪಕ್ಕೆ ಮರಳುವ ಬಸ್ಸಿಗೆಂದು ನಾನು ಎದ್ದಾಗ, ನನ್ನ ಪ್ಯಾಂಟಿನ ಹಿಂಬದಿ ನೋಡಿ ನಕ್ಕಳು.

“ಲೇ, ಇನ್ನೂ ಲೇಬಲ್ ಇಲ್ಲದ್ದನ್ನ ಹಾಕ್ಕೊಂಡು ತಿರಗ್ತೀಯಲ್ಲೋ! ಮುಂದಿನ ವಾರ ತಗೊಂಬಾ, ಹಚ್ಚಿ ಕೊಡ್ತೀನಿ.”

ಆಗಲಿ ಅಂದೆ. ಭಾನುವಾರ ಬೆಳಿಗ್ಗೆ ಎದೆನೋವು ಅಂದವಳು ಆಸ್ಪತ್ರೆ ಮುಟ್ಟಲಿಲ್ಲ.

ಆ ಲೇಬಲ್ಲಿನ ಕತೆ ನಿಮಗೆ ಹೇಳಬೇಕು. ಕುರುಗೋಡಿನಿಂದ ಬಳ್ಳಾರಿಗೆ ಬಂದಾಗಿನಿಂದ ಅಕ್ಕ ಸಾಹುಕಾರರೊಬ್ಬರಿಗೆ ಜೀನ್ಸ್ ಹೊಲಿದುಕೊಡುತ್ತಿದ್ದಳು. ಸೊಂಟಪಟ್ಟಿಯ ಹಿಂದೆ ಮೂರು ಬೆರಳಗಲ ಜಾಗ ಬಿಡುವುದು ಪದ್ಧತಿ. ತಮ್ಮ ಹೆಸರಿನ ಚರ್ಮದ ಲೇಬಲ್ಲನ್ನು ಸಾಹುಕಾರರು ತಮ್ಮ ಅಂಗಡಿಯಲ್ಲೇ ಹಚ್ಚಿಸಿಕೊಳ್ಳುತ್ತಿದ್ದರು. ನಮ್ಮಜ್ಜ ಚರ್ಮ ಹದ ಮಾಡುತ್ತಿದ್ದವನು. ಅದರ ಮೇಲೆ ಹೆಸರು ಬರೆಯಬಹುದೆಂದು ಅವನಿಗೂ ಹೊಳೆದಿರಲಿಲ್ಲ.

ಮುಂದೆ ಪರಿಶಿಷ್ಟ ಜಾತಿಯವರು ಸ್ವಂತ ಉದ್ಯೋಗ ಮಾಡಲೆಂದು ಸರ್ಕಾರ ಶೆಡ್ಡುಗಳನ್ನು ಮೀಸಲಿಟ್ಟು, ಸಬ್ಸಿಡಿ ಸಾಲವನ್ನೂ ಕೊಟ್ಟಿತು. ಅಕ್ಕನ ಅರ್ಜಿ ತುಂಬಿದವನು ನಾನೇ. ಅದು ಮಂಜೂರಾದದ್ದೇ ತಡ, ಎಂದೂ ನಮ್ಮ ಕೇರಿಗೆ ಬಾರದಿದ್ದ ಸಾಹುಕಾರರು ಮನೆಗೇ ಬಂದರು.

“ಹೆಸರು ನಿಂದಿರಲಿ ಹುಲಿಗೆಮ್ಮ, ವ್ಯವಹಾರ ನಾ ನೋಡ್ಕೊಂತೀನಿ. ಕುಂತಲ್ಲೇ ತಿಂಗಳಾ ತಿಂಗಳಾ ನಿನಗ ಬರ್ತೈತಿ.”

ಒಪ್ಪಿಕೋ ಎಂದು ನಾನು ಕಣ್ಸನ್ನೆ ಮಾಡಿದೆ. ಪಿಯುಸಿವರೆಗೆ ಓದಿದ ಬುದ್ಧಿ ನನ್ನದು. ಅಕ್ಕ ಅವರ ಮುಂದೆ ಚಹಾ ಇಟ್ಟಳು.

“ಇಷ್ಟ್ ವರ್ಷ ದುಡಿಮಿ ನಂದು, ಹೆಸರು ನಿಮ್ದು ಇತ್ತಲ್ರಿ. ಈಗ ಎರಡೂ ನನ್ ಹತ್ರನ ಇರ್ಲಿ ಬಿಡ್ರಿ.”

ಅವರು ಚಹಾ ಮುಟ್ಟದೆ ಎದ್ದು ಹೋದರು. ಆ ಲೋಟವನ್ನೇ ಅಕ್ಕ ನನ್ನ ಕಡೆ ಸರಿಸಿದಳು. “ಕುಡೀಲೇ ಪಿಯುಸಿ, ಆರಿ ಹೋಗಾಕತ್ತೈತಿ.”

ಶೆಡ್ಡು ಶುರುವಾಯಿತು. ಲೇಬಲ್ಲಿಗೆ ಇಂಗ್ಲಿಷ್ ಹೆಸರಿಡು ಎಂದೆ, ಅದೂ ನಡೆಯಲಿಲ್ಲ. ‘ಹುಲಿಗೆಮ್ಮ’ ಎಂದೇ ಅಚ್ಚಾಗಿ ಬಂತು. ಮೊದಲ ಸಲದ ಪ್ಯಾಂಟುಗಳನ್ನೆಲ್ಲ ಗಂಟು ಕಟ್ಟಿ ನೋಡಿದರೆ, ಲೇಬಲ್ಲಿನ ಡಬ್ಬಿ ಒಡೆದೇ ಇಲ್ಲ! ಅಕ್ಕನೂ ಸೇರಿದಂತೆ ಹೊಲಿಗೆಗೆ ಬಂದಿದ್ದ ಎಲ್ಲ ಹೆಂಗಸರೂ ರೂಢಿಯಂತೆ ಆ ಜಾಗ ಖಾಲಿ ಬಿಟ್ಟಿದ್ದರು.

“ಯವ್ವಾ, ಇದಕ್ಕ ಯಾವ ಸಾವ್ಕಾರ ಬಂದು ಹಚ್ತಾನ್ರವ್ವಾ? ಸಾವ್ಕಾರ್ತಿ ನಾನ ಅದೀನಿ!” ಎಂದು ಅಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳಂತೆ. ಗಂಟು ಬಿಚ್ಚಿ ಎಲ್ಲಕ್ಕೂ ಹಚ್ಚಿದರು. ಒಂದನ್ನು ಮಾತ್ರ ನಾನು ಆಗಲೇ ಹಾಕಿಕೊಂಡು ಸಿರುಗುಪ್ಪ ಸೇರಿದ್ದೆ.

ಈಗ ಶೆಡ್ಡನ್ನು ಅವಳ ಮಗಳು ನಡೆಸುತ್ತಾಳೆ. ಬಸ್ಸಿನಲ್ಲಿ ಮುಂದೆ ನಿಂತವರ ಸೊಂಟ ಓದುವ ಕೆಟ್ಟ ಚಟ ನನಗೆ ಹತ್ತಿದೆ. ಮೊನ್ನೆ ಕುರುಗೋಡಿನ ಬಸ್ಸಿನಲ್ಲಿ ಅಪರಿಚಿತನೊಬ್ಬನ ಬೆನ್ನ ಕೆಳಗೆ ಅಕ್ಕನ ಹೆಸರು ಕಂಡಿತು. ಇಳಿಯುವ ಊರು ದಾಟಿದರೂ ಓದುತ್ತಲೇ ನಿಂತಿದ್ದೆ. ಯಾರಿಗೋ ಕೊಟ್ಟುಬಿಡು ಎಂದು ನಾನು ಕಣ್ಸನ್ನೆ ಮಾಡಿದ ಹೆಸರು.

“ಕೊಡ್ರಿ ಮಾಮಾ, ನಾ ಹಚ್ತೀನಿ” ಅನ್ನುತ್ತಾಳೆ ಮಗಳು. ಮುಂದಿನ ವಾರ ಅನ್ನುತ್ತೇನೆ. ನನ್ನ ಪ್ಯಾಂಟಿಗೆ ಇನ್ನೂ ಲೇಬಲ್ ಇಲ್ಲ.