ಕೆಂಪು ಕಿವಿಯೊಳಗಿನ ತಂತಿ

ನನ್ನ ಮೊಮ್ಮಗ ಮನೆಗೆ ಬಂದ! ಅವನ ಎದೆಯೊಳಗೆ ಸಿಕ್ಕಿಕೊಂಡಿದ್ದದ್ದನ್ನು ಡಾಕ್ಟರು ತೆಗೆದುಬಿಟ್ಟರು. ಈಗ ಅವನು ಉಸಿರಾಡಿದರೆ ಸದ್ದೇ ಇಲ್ಲ. ಬಂದವನೇ ನನ್ನ ಮೂಗುಬೊಟ್ಟು ಹಿಡಿದು ಎಳೆದ. ನೋವಾಯಿತು. ಎಳಿ ಕಂದಾ, ಇನ್ನೊಂದು ಸಲ ಎಳಿ ಅಂದೆ. ಈ ಸಂತೋಷವನ್ನು ಯಾರಿಗೆ ಹೇಳಲಿ, ಯಾರಿಗೆ ಬಿಡಲಿ? ಹಾಲಿನವನಿಗೆ ಹೇಳಿದೆ. ಲಿಫ್ಟಿನಲ್ಲಿ ಸಿಕ್ಕ, ಗುರುತು ಪರಿಚಯವಿಲ್ಲದ ಹುಡುಗಿಗೂ ಹೇಳಿದೆ. ಅವಳು ಇಯರ್‌ಫೋನ್ ತೆಗೆದು, ಮೊದಲಿಂದ ಹೇಳಿ ಆಂಟಿ ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬರೆಯಲು ಕೂತಿದ್ದೇನೆ. ಎಲ್ಲರಿಗಿಂತ ಮೊದಲು ಯಾರಿಗೆ ಹೇಳಬೇಕಾಗಿತ್ತೋ ಅವರಿಗೆ ಹೇಳಲು ಆಗುವುದಿಲ್ಲವಲ್ಲ, ಅದಕ್ಕೆ.

ಅವರು ನೆನಪಾದದ್ದು ಒಂದು ಬಿಳಿ ಗೆರೆಯಿಂದ.

ಮೊಮ್ಮಗನಿಗೆ ಎರಡೂವರೆ ವರ್ಷ. ಕೆಲವು ದಿನಗಳಿಂದ ಕೆಮ್ಮುತ್ತಿದ್ದ. ಮಗಳು ಅಳಿಯ ಇರುವುದು ಹೂಡಿಯಲ್ಲಿ. ಪಕ್ಕದಲ್ಲೇ ಇನ್ನೊಂದು ಅಪಾರ್ಟ್‌ಮೆಂಟ್ ಏಳುತ್ತಿದೆ, ಸಿಮೆಂಟಿನ ಧೂಳಿಗೇ ಕೆಮ್ಮು ಬಂದಿರಬೇಕೆಂದು ಸಿರಪ್ಪು ಕೊಟ್ಟರು. ಆಮೇಲೊಂದು ಬೆಳಿಗ್ಗೆ ಮಗಳು ಫೋನ್ ಮಾಡಿದಳು. "ಅಮ್ಮಾ, ಇವನು ಉಸಿರು ಎಳ್ಕೊಂಡ್ರೆ ಸುಂಯ್ ಅಂತಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ. ನೀನೂ ಬಂದ್ಬಿಡು." ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ವೈಟ್‌ಫೀಲ್ಡ್ ರೈಲಿನಲ್ಲಿ ನಿಂತೇ ಹೋದೆ. ಯಾರೋ ಎದ್ದು ಸೀಟು ಕೊಟ್ಟರೂ ಕೂರಲಾಗಲಿಲ್ಲ. ಆ ಸುಂಯ್ ಸದ್ದನ್ನು ನಾನು ಹಿಂದೊಮ್ಮೆ ಕೇಳಿದ್ದೆ...

ನಾನು ಹೋಗುವಷ್ಟರಲ್ಲಿ ಎಕ್ಸ್‌ರೇ ಆಗಿತ್ತು. ಡಾಕ್ಟರಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, "ಇಲ್ಲಿ ನೋಡಿ, ಬಲಗಡೆ ಉಸಿರಿನ ಕೊಳವೇಲಿ ಏನೋ ಇದೆ. ಪಿನ್ ತರ ಕಾಣ್ತಿದೆ" ಅಂದರು. ಎಳೇ ಪಕ್ಕೆಲುಬುಗಳ ನಡುವೆ ಸಣ್ಣದೊಂದು ಬಿಳಿ ಗೆರೆ ಇತ್ತು. ಅದರ ಎರಡು ತುದಿಯೂ ಒಳಕ್ಕೆ ಬಾಗಿದ್ದವು. 

"ಅದು ಪಿನ್ ಅಲ್ಲಮ್ಮ, ಹಿತ್ತಾಳೆ ತಂತಿ," ಅಂದೆ. "ಅದರ ಸುತ್ತ ಕಡಲೆಬೀಜದಷ್ಟು ಪ್ಲಾಸ್ಟಿಕ್ ಇದೆ. ಅದು ಇದರಲ್ಲಿ ಕಾಣಲ್ಲ."

"ನಿಮಗೆ ಹೇಗೆ ಗೊತ್ತು ಅಜ್ಜಿ?"

"ತಂತಿ ಬಗ್ಗಿಸಿ ಒಳಗೆ ಇಟ್ಟೋಳು ನಾನೇ."

ಮಗಳು ನನ್ನ ಮುಖ ನೋಡಿದಳು. "ರೋಬಾಟ್ ಕಿವೀನಾ ಅಮ್ಮಾ?" ಅಂದವಳು ಗೋಡೆ ಹಿಡಿದುಕೊಂಡಳು. ಅಳಿಯ ಬೈಕಿನಲ್ಲಿ ಮನೆಗೆ ಓಡಿದ. ಸ್ವಲ್ಪ ಹೊತ್ತಿಗೆ ಅವನ ಫೋನು. "ಅತ್ತೆ, ಶೋಕೇಸಲ್ಲಿರೋ ರೋಬಾಟ್ ಗೊಂಬೆಗೆ ಒಂದೇ ಕಿವಿ ಇದೆ." ಡಾಕ್ಟರಮ್ಮ ಅವನ ಕೈಲಿ ಆ ಉಳಿದ ಕಿವಿಯನ್ನೇ ತರಿಸಿಕೊಂಡರು. ಕಣ್ಣೆದುರಿಗೆ ಅಳತೆ ಇದ್ದರೆ ಎಂಥ ಚಿಮಟ ಬೇಕೆಂದು ಗೊತ್ತಾಗುತ್ತದಂತೆ. ಮಗುವಿಗೆ ಪ್ರಜ್ಞೆ ತಪ್ಪುವ ಔಷಧಿ ಕೊಟ್ಟು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ನಾನು ಹೊರಗೆ ಸ್ಟೀಲ್ ಕುರ್ಚಿಯ ಮೇಲೆ ಕೂತೆ. ಹೆದರಿಕೆಗೆ ಬಾಯಿಗೆ ಒಂದು ದೇವರ ಹೆಸರೂ ಬರಲಿಲ್ಲ. ಬಂದದ್ದು ನಮ್ಮ ಎದುರು ಮನೆಯ ಅಣ್ಣನ ಮುಖ.

ಆಗ ನಾವು ಪೀಣ್ಯದ ಒಳಗಡೆ, ಶೀಟು ಹೊದಿಸಿದ ಸಾಲು ಮನೆಯಲ್ಲಿದ್ದೆವು. ನಮ್ಮ ಯಜಮಾನರು ಲೋಹದ ಸಾಮಾನಿಗೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶಾಪಿಗೆ ಕೆಲಸಕ್ಕೆ ಹೋಗುತ್ತಿದ್ದರು. ಎದುರು ಮನೆಯ ಅಣ್ಣ ಒಂದು ಫ್ಯಾಕ್ಟರಿಯಲ್ಲಿ ಅಚ್ಚು ಮಾಡುತ್ತಿದ್ದವರು. ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಯಲ್ಲೇ ಒಂದು ವಿಚಿತ್ರ ಕೆಲಸ ಹಿಡಿದಿದ್ದರು. ಹಳೇ ಕಾಲದ ತಗಡಿನ ರೋಬಾಟ್ ಗೊಂಬೆಗಳಿಗೆ ಬಿಡಿಭಾಗ ಮಾಡುವುದು. ಚಾವಿ ಕೊಟ್ಟರೆ ಟಕ ಟಕ ನಡೆಯುವಂಥವು, ಎದೆಯಲ್ಲಿ ದೀಪ ಹತ್ತುವಂಥವು. ಅವನ್ನು ಕೂಡಿಡುವ ಹುಚ್ಚಿನವರು ಊರಲ್ಲಿ ಕೆಲವರಿದ್ದರು. ಕೈ ಮುರಿದವು, ಚಾವಿ ಕಳೆದವು, ಕಿವಿ ಉದುರಿದವು, ಎಲ್ಲವನ್ನೂ ಮಗುವಿನ ಹಾಗೆ ಟವಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಅಣ್ಣ ಅವನ್ನು ಕೈಗೆ ತೆಗೆದುಕೊಂಡು, "ಬನ್ನಿ ಸಾಹೇಬ್ರೇ, ಎಷ್ಟು ಕೂಗಿದ್ರೂ ಕೇಳ್ಸಲ್ವಾ? ಓ, ಕಿವೀನೇ ಇಲ್ಲ!" ಎಂದು ಮಾತಾಡಿಸುತ್ತಿದ್ದರು.

ಉಳಿದಿರುವ ಒಂದು ಕಿವಿಯಿಂದ ರಬ್ಬರಿನ ಅಚ್ಚು ತೆಗೆಯುತ್ತಿದ್ದರು. ಅಚ್ಚಿನ ಎರಡು ಹೋಳನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಮೇಲಿನ ತೂತಿನಲ್ಲಿ ಬಣ್ಣ ಬೆರೆಸಿದ ರೆಸಿನ್, ಅಂದರೆ ಆರಿದರೆ ಗಟ್ಟಿ ಪ್ಲಾಸ್ಟಿಕ್ ಆಗುವ ದ್ರವ, ಹುಯ್ಯುತ್ತಿದ್ದರು. ಮೂಗಿಗೆ ಹೊಡೆಯುವ ಹುಳಿ ವಾಸನೆ. ಆರಿದ ಮೇಲೆ ಅಂಚಿನಲ್ಲಿ ಉಳಿಯುವ ಸಿಪ್ಪೆಯನ್ನು ಬ್ಲೇಡಿನಿಂದ ಹೆರೆದು, ನೀರಿನಲ್ಲಿ ಅದ್ದಿದ ಉಪ್ಪುಕಾಗದದಿಂದ ಉಜ್ಜುವುದು ನನ್ನ ಕೆಲಸ. ಮಧ್ಯಾಹ್ನ ಅಣ್ಣನ ಜಗುಲಿಯ ಮೇಲೆ ಇಬ್ಬರೂ ಕೂರುತ್ತಿದ್ದೆವು. ಆಗ ಮೂರು ವರ್ಷದವಳಾಗಿದ್ದ ನನ್ನ ಮಗಳು ನಮ್ಮ ನಡುವೆ. ಅವಳಿಗೆ ಅವರು ಮಾಮ. ಹೆಂಡತಿ ತೀರಿಹೋಗಿ ಒಬ್ಬರೇ ಇದ್ದ ಆ ಮನುಷ್ಯನಿಗೆ ಅವಳು ಬಾರದ ಮಧ್ಯಾಹ್ನ ಕೆಲಸವೇ ಸಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಣ್ಣ ರಿಪೇರಿಯಾದ ರೋಬಾಟಿಗೆ ಚಾವಿ ಕೊಟ್ಟು ಬಿಟ್ಟರು. ಅದು ಇವಳ ಕಡೆಗೇ ನಡೆದು ಬಂತು. ಇವಳು ಕಿಲಕಿಲ ನಕ್ಕಳು. ನಗುತ್ತಲೇ ಕೆಮ್ಮಿದಳು. ಮುಖ ಕಪ್ಪಿಟ್ಟಿತು. ಬೆನ್ನು ತಟ್ಟಿದೆ. ಸ್ವಲ್ಪ ಹೊತ್ತಿಗೆ ಸರಿಹೋಯಿತು, ನೀರು ಕುಡಿದಳು, ಮತ್ತೆ ಆಟಕ್ಕೆ ಕೂತಳು. ನಾನು ನಿಟ್ಟುಸಿರು ಬಿಟ್ಟೆ. ಅಣ್ಣ ಮಾತ್ರ ಅಲ್ಲಾಡಲಿಲ್ಲ. ಎದುರಿಗೆ ಹಾಸಿದ್ದ ಪೇಪರನ್ನೇ ನೋಡುತ್ತಿದ್ದರು. ಅಚ್ಚಿನಿಂದ ಆಗತಾನೆ ತೆಗೆದಿದ್ದ ಒಂದು ಜೊತೆ ಕೆಂಪು ಕಿವಿಯಲ್ಲಿ ಒಂದೇ ಇತ್ತು.

"ಇನ್ನೊಂದು ಎಲ್ಲಮ್ಮ?"

ಅವರ ದನಿ ಕೇಳಿಯೇ ನನಗೆ ಭಯವಾಯಿತು.

ಆಸ್ಪತ್ರೆಗೆ ಓಡಿದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಅವಳ ಎದೆಗೆ ಕಿವಿಗೊಟ್ಟು ಕೇಳಿ, ಈಗೇನೂ ತೊಂದರೆ ಇಲ್ಲ, ಮತ್ತೆ ಕೆಮ್ಮು ಬಂದರೆ ತಡ ಮಾಡದೆ ಕರೆತನ್ನಿ ಅಂದರು. ಯಜಮಾನರಿಗೆ ಹೋದ ಜೀವ ಬಂದ ಹಾಗಾಯಿತು. ಬಂದವರೇ ಅಣ್ಣನ ಮೇಲೆ ರೇಗಿದರು.

"ಸುಮ್ಕೆ ಹೆದರಿಸ್ಬ್ಯಾಡ ಕಣಣ್ಣ. ಫೋಟೋದಾಗೆ ಏನೂ ಇಲ್ಲ ಅಂದವ್ರೆ."

"ಹಂಗಾದ್ರೆ ಕಿವಿ ಎಲ್ಲಿಗೆ ಹೋಯ್ತಪ್ಪಾ?"

"ಇಲ್ಲೇ ಎಲ್ಲೋ ಬಿದ್ದಿರ್ತದೆ, ಹುಡುಕು!"

ಅಣ್ಣ ಹುಡುಕಿದರು. ಜಗುಲಿಯ ಕಸವನ್ನೆಲ್ಲ ಹಿಟ್ಟಿನ ಜರಡಿಯಲ್ಲಿ ಹಾಕಿ ಜಾಲಿಸಿದರು. ಚಾಪೆ ಬಿಚ್ಚಿದರು, ಹಾಸಿಗೆ ಹರಿದರು. ಮನೆ ಮುಂದಿನ ಮೋರಿಗೆ ಮೊಣಕೈವರೆಗೆ ಕೈ ಹಾಕಿ ಕೆಸರು ತೆಗೆದು, ಬಕೆಟ್ಟಿನಲ್ಲಿ ತೊಳೆದು ನೋಡಿದರು. ಒಂದು ಸಣ್ಣ ಪ್ಲಾಸ್ಟಿಕ್ ಚೂರು ಸಿಗಲಿ ಎಂದು ಒಬ್ಬ ಮನುಷ್ಯ ಹಾಗೆ ಬೇಡಿಕೊಂಡದ್ದನ್ನು ನಾನು ಕಂಡಿಲ್ಲ. ನಾನೂ ಅವರ ಜೊತೆ ಮೊಣಕಾಲೂರಿ ಹುಡುಕಿದೆ. ಸಿಗಲಿಲ್ಲ...

ಎರಡು ದಿನ ಇವಳು ಚೆನ್ನಾಗಿಯೇ ಇದ್ದಳು. ಮರುದಿನ ಮೈ ಬಿಸಿಯಾಯಿತು. ಮಡಿಲಲ್ಲಿ ಮಲಗಿಸಿಕೊಂಡರೆ, ಮುಚ್ಚಿದ ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಸುಂಯ್ ಎನ್ನುತ್ತಿತ್ತು. ಯಜಮಾನರು ಶೀತವೇ ಇರಬೇಕು ಅಂದರು. ಅವರಿಗೂ ಹೆದರಿಕೆ, ಅದಕ್ಕೇ ಹಾಗೆ ಅಂದದ್ದು. ಅಷ್ಟರಲ್ಲಿ ಅಣ್ಣ ಓಡುತ್ತಾ ಬಂದರು. ಕೈಯಲ್ಲಿ ಒಂದು ಎಕ್ಸ್‌ರೇ ಹಾಳೆ.

"ಏನಣ್ಣ ಇದು?"

"ಉಳಿದ ಕಿವೀನ ಎಕ್ಸ್‌ರೇ ಅಂಗಡಿಗೆ ತಗೊಂಡ್ಹೋಗಿ ಹೊಡೆಸ್ದೆ. ಅವನು ನಗ್ತಿದ್ದ, ನಾವು ಮನುಷ್ಯರಿಗೆ ಹೊಡೆಯೋದು ಗುರು ಅಂತ. ಕೈ ಮುಗಿದು ಹೊಡೆಸ್ದೆ. ನೋಡು."

ಯಜಮಾನರು ಅದನ್ನು ಬಿಸಿಲಿಗೆ ಹಿಡಿದರು. ಹಾಳೆ ಪೂರ್ತಿ ಕಪ್ಪು.

"ಏನೂ ಇಲ್ವಲ್ಲ!"

"ಕಿವಿ ಇತ್ತಪ್ಪಾ. ನಾನೇ ಕೈಯಾರೆ ಎಕ್ಸ್‌ರೇ ಮೇಜಿನ ಮೇಲೆ ಇಟ್ಟೆ."

ಯಜಮಾನರು ಹೊಸಿಲ ಮೇಲೆ ಕುಸಿದು ಕೂತರು. ಆಮೇಲೆ ಮಗಳನ್ನು ಎತ್ತಿಕೊಂಡು ಓಡಿದವರೂ ಅವರೇ. ಈ ಸಲ ದೊಡ್ಡ ಆಸ್ಪತ್ರೆ. ಅಲ್ಲಿಯ ಡಾಕ್ಟರು ಅಣ್ಣನ ಮಾತನ್ನು ಪೂರ್ತಿ ಕೇಳಿ, ಪ್ಲಾಸ್ಟಿಕ್ ಹಾಗೇ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಕೊಳವೆ ಇಳಿಸಿ ನೋಡುತ್ತೇವೆ ಅಂದರು. ನೋಡಿದರು. ತೆಗೆದರು. ಅಣ್ಣ ಆಸ್ಪತ್ರೆಯ ಗೇಟಿನ ಹೊರಗೇ ನಿಂತಿದ್ದರು. ಹುಷಾರಾದಳು ಎಂದು ನಾನು ಹೋಗಿ ಹೇಳಿದಾಗ, ಅಲ್ಲೇ ಫುಟ್‌ಪಾತಿನ ಮೇಲೆ ಕೂತು ಮುಖ ಮುಚ್ಚಿಕೊಂಡರು.

ಆಮೇಲೆ ಬಹಳ ದಿನ ಅವರು ಅಚ್ಚು ಮುಟ್ಟಲಿಲ್ಲ. ಮಗಳು "ಮಾಮಾ" ಎಂದು ಹೊಸಿಲು ದಾಟಿದರೆ, "ಅಲ್ಲೇ ನಿಂತ್ಕೋ ಪುಟ್ಟಿ" ಎಂದು ನೆಲವನ್ನೆಲ್ಲ ಅಂಗೈಯಿಂದ ಸವರಿ ನೋಡಿ, ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ಕರೆದು, ಸೂಜಿಯಷ್ಟು ದಪ್ಪದ ಹಿತ್ತಾಳೆ ತಂತಿಯ ಸುರುಳಿ ತೋರಿಸಿದರು.

"ಇನ್ಮೇಲೆ ಈ ಮನೆಯಿಂದ ಹೋಗೋ ಒಂದೊಂದು ಚೂರಲ್ಲೂ ಇದು ಇರ್ಬೇಕು ಕಣಮ್ಮ. ಯಾರ ಮನೆ ಮಗು ನುಂಗಿದ್ರೂ ಕಾಣ್ಬೇಕು."

ತಂತಿಯನ್ನು ಸಣ್ಣದಾಗಿ ತುಂಡರಿಸಿ, ಜಾರದಿರಲಿ ಎಂದು ಎರಡು ತುದಿಯನ್ನೂ ಚಿಮಟದಿಂದ ಒಳಕ್ಕೆ ಬಗ್ಗಿಸಿ, ರೆಸಿನ್ ಹುಯ್ಯುವ ಮೊದಲು ಅಚ್ಚಿನಲ್ಲಿ ಇಡುವುದು ನನ್ನ ಪಾಲಿಗೆ ಬಂತು. ಕೆಂಪು ಕಿವಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಆ ಗೆರೆ ಕಾಣುತ್ತಿತ್ತು. ಯಜಮಾನರು ತಮಾಷೆ ಮಾಡಿದರು. "ಏನಣ್ಣ, ಎಲ್ರೂ ಕಿವಿಗೆ ಓಲೆ ಹಾಕಿದ್ರೆ ನೀನು ಕಿವಿಯೊಳಗೇ ಓಲೆ ಇಟ್ಬಿಟ್ಟಿದ್ದೀಯ!" ಜಗಳವಾದ ಮೇಲೆ ಅವರಿಬ್ಬರೂ ನಕ್ಕದ್ದು ಅವತ್ತೇ ಮೊದಲು.

ಗೊಂಬೆ ತರುವವರಿಗೆ ನಗು ಬರಲಿಲ್ಲ. ಕಾರಿನಲ್ಲಿ ಬರುತ್ತಿದ್ದ ಒಬ್ಬರು ಕಿವಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಒರಿಜಿನಲ್‌ನಲ್ಲಿ ಈ ಗೆರೆ ಇಲ್ವಲ್ಲ. ತಂತಿ ಇಲ್ದೆ ಮಾಡಿಕೊಡಿ" ಅಂದರು.

"ಆಗಲ್ಲ ಸಾರ್."

"ನಮ್ಮನೇಲಿ ಮಕ್ಕಳೇ ಇಲ್ಲ ಕಣ್ರೀ. ಗಾಜಿನ ಬೀರು ಒಳಗಿರುತ್ತೆ."

"ಗೊಂಬೆ ನಮಗಿಂತ ಜಾಸ್ತಿ ದಿನ ಬದುಕುತ್ತೆ ಸಾರ್. ಆಮೇಲೆ ಯಾರ ಮನೆಗೆ ಹೋಗುತ್ತೋ, ಯಾರಿಗ್ಗೊತ್ತು?"

ಅವರು ಟವಲು ಸುತ್ತಿಕೊಂಡು ಹೊರಟರು. ಹಾಗೇ ಒಬ್ಬೊಬ್ಬರಾಗಿ ಬರುವುದು ನಿಂತಿತು. ಅಣ್ಣ ತಂತಿ ಬಿಡಲಿಲ್ಲ. ಕೆಲಸ ಬಿಟ್ಟರು.

ಮಗಳು ಶಾಲೆಗೆ ಸೇರಿದಾಗ ಅಣ್ಣ ಅವಳಿಗೊಂದು ರೋಬಾಟ್ ಕೊಟ್ಟರು. ಯಾರೋ ಬೇಡವೆಂದು ಬಿಟ್ಟುಹೋಗಿದ್ದ ಬರೀ ಒಡಲಿಗೆ ಕೈ, ಕಾಲು, ಕಿವಿ, ಚಾವಿ ಎಲ್ಲ ಅವರೇ ಮಾಡಿದ್ದು. ಅವಳು ಮದುವೆಯಾಗಿ ಹೋಗುವಾಗಲೂ ಅದನ್ನು ಬಿಡಲಿಲ್ಲ. ವರ್ಷಗಳಾಗಿ ರೆಸಿನ್ ಒಣಗಿ, ಮುಟ್ಟಿದರೆ ಕಿವಿ ಕಳಚಿಬರುವಂತಾಗಿತ್ತು ಎಂಬುದು ನಮಗೆ ಯಾರಿಗೂ ತಿಳಿಯಲಿಲ್ಲ. ಅಣ್ಣ ಕಣ್ಣು ಮಂಜಾದ ಮೇಲೆ ಬೊಮ್ಮನಹಳ್ಳಿಯ ತಂಗಿಯ ಮನೆಗೆ ಹೋಗಿಬಿಟ್ಟರು. ಹೋಗಿ ನೋಡಿಬರಬೇಕು ಅಂದುಕೊಳ್ಳುತ್ತಲೇ ಇದ್ದೆವು. ಕೊನೆಗೆ ಹೋದಾಗ ಗೋಡೆಯ ಮೇಲೆ ಅವರ ಫೋಟೋ, ಅದಕ್ಕೆ ಹಾರ... ಅವರ ತಂಗಿ ಕಾಫಿ ಕೊಟ್ಟು, ಪುಟ್ಟಿ ಹೇಗಿದ್ದಾಳೆ ಅಂತ ಕೇಳ್ತಾನೇ ಇದ್ದ ಅಂದರು.

ಸ್ಟೀಲ್ ಕುರ್ಚಿಯ ಮೇಲೆ ಇಷ್ಟನ್ನೂ ನೆನೆಯುತ್ತಾ ಕೂತಿದ್ದಾಗ ಬಾಗಿಲು ತೆರೆಯಿತು. ಡಾಕ್ಟರಮ್ಮನ ಕೈಯಲ್ಲಿ ಸಣ್ಣ ಬಾಟಲಿ, ಅದರಲ್ಲಿ ಕೆಂಪು ಚೂರು. "ಬಂತು ಅಜ್ಜಿ, ಇಡಿಯಾಗಿ ಬಂತು. ತಂತಿ ಇಲ್ದಿದ್ರೆ ಸಿರಪ್ಪಲ್ಲೇ ಇನ್ನೆಷ್ಟು ದಿನ ಕಳೀತಿತ್ತೋ. ಯಾರು ಮಾಡಿದ್ದು ಇದನ್ನ?" ನಮ್ಮ ಅಣ್ಣ ಅಂದೆ. ಈಗ ಎಲ್ಲಿದ್ದಾರೆ ಎಂದು ಕೇಳಿದರು. ನಾನು ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದೆ. ಯಾವ ಮನೆಯ ಮಗುವಿಗಾಗಿ ಅಣ್ಣ ಅಷ್ಟು ಹಠ ಹಿಡಿದರೋ ಅದು ಅವರ ಪುಟ್ಟಿಯ ಮಗುವೇ ಆಯಿತು. ಇದನ್ನು ಅವರ ಎದುರು ಕೂತು ಹೇಳುವ ಭಾಗ್ಯ ನನಗಿಲ್ಲ. ಫುಟ್‌ಪಾತಿನ ಮೇಲೆ ಮುಖ ಮುಚ್ಚಿ ಕೂತಿದ್ದ ಆ ಮನುಷ್ಯನಿಗೆ ಇದೊಂದು ಗೊತ್ತಾಗಬೇಕಿತ್ತು...

ಮಗುವನ್ನು ಒಂದು ರಾತ್ರಿ ಅಲ್ಲೇ ಇಟ್ಟುಕೊಂಡು ಇವತ್ತು ಕಳಿಸಿದರು. ಸಂಜೆ ನಮ್ಮ ಯಜಮಾನರೂ ಪೀಣ್ಯದಿಂದ ಬಂದರು. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ನಮಗೆ ಸೊಪ್ಪಿನ ಸಾರು, ಮುದ್ದೆ. ಮೊಮ್ಮಗನಿಗೆ ಕಿವುಚಿದ ಮೊಸರನ್ನ. ಮಗಳು ಒಂದು ತುತ್ತು ಇಟ್ಟರೆ, ಅದು ಗಂಟಲಿನಲ್ಲಿ ಇಳಿಯುವವರೆಗೆ ನಾವು ಯಾರೂ ಮುದ್ದೆ ಮುರಿಯುತ್ತಿರಲಿಲ್ಲ.

ನಡುವೆ ಅವನು ಒಂದು ಸಲ ಕೆಮ್ಮಿದ. ನಾಲ್ಕು ಜನರ ಕೈಯೂ ತಟ್ಟೆಯ ಮೇಲೆ ಹಾಗೇ ನಿಂತವು. ಅವನು ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದ. ನೋಡಿ, ಬೇಕಂತಲೇ ಇನ್ನೊಂದು ಸಲ ಕೆಮ್ಮಿದ. ನಾವು ಮತ್ತೆ ಬೆಚ್ಚಿದೆವು. ಅವನು ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೇಕೆ ಹಾಕಿದ. "ನುಂಗಿ ಆಮೇಲೆ ನಗೋ ಕಳ್ಳಾ!" ಎಂದು ಯಜಮಾನರು ಗದರಿದರು. ಅವನು ನುಂಗಿದ. ಬಾಯಿ ಅಗಲಿಸಿ ಖಾಲಿ ಅಂತ ತೋರಿಸಿದ. ಆಮೇಲೆ ನಾವೂ ಉಂಡೆವು.